ಸಹಾಯ ಬೇಕು: ಹಿರಿಯರೊಂದಿಗೆ ಚಾಟನೂಗಾದಲ್ಲಿ ಎರಡು ದಿನ

ಎಲ್ಲರಿಗೂ ನಮಸ್ಕಾರ. ಹಾಸನದಿಂದ ಅಟ್ಲಾಂಟಾದ ನಮ್ಮ ಮನೆಗೆ ಬಂದಿರುವ ಅಪ್ಪ ಅಮ್ಮನನ್ನು ಈ ವಾರಾಂತ್ಯ, ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿಯಲ್ಲಿರುವ, ಟೆನೆಸ್ಸಿ ರಾಜ್ಯದ ಚಾಟನೂಗಾ ನಗರಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಗೊರೂರಿನಲ್ಲಿ ಹೇಮಾವತಿಯ ದಂಡೆಯಲ್ಲೇ ಬೆಳೆದ ಅಮ್ಮನಿಗೆ ನದಿಯೆಂದರೆ ಜೀವ. ಟೆನೆಸ್ಸಿ ನದಿಯನ್ನು ಅವರಿಗೆ ಹತ್ತಿರದಿಂದ ತೋರಿಸಬೇಕೆಂಬುದೇ ನನ್ನ ಮುಖ್ಯ ಆಸೆ.

ಅಪ್ಪನಿಗೆ ಮಂಡಿನೋವಿದೆ. ಮೆಟ್ಟಿಲಿಳಿಯುವಾಗ ಕಂಬಿ ಹಿಡಿದು, ಎರಡೂ ಪಾದಗಳನ್ನು ಒಂದೇ ಮೆಟ್ಟಿಲ ಮೇಲೆ ಊರಿ, ಉಸಿರು ತೆಗೆದುಕೊಂಡ ಮೇಲೆಯೇ ಮುಂದಿನದಕ್ಕೆ ಕಾಲಿಡುತ್ತಾರೆ. ಆದ್ದರಿಂದ ನೆಲದಡಿಯ 145 ಅಡಿ ಎತ್ತರದ ರೂಬಿ ಫಾಲ್ಸ್ ಜಲಪಾತವನ್ನು, ಗುಹೆಯೊಳಗೆ ಬಹಳ ನಡೆಯಬೇಕಾಗುವ ಕಾರಣ, ಮನಸ್ಸಿಲ್ಲದೆಯೇ ಕೈಬಿಟ್ಟಿದ್ದೇನೆ.

1992ರಲ್ಲಿ ಆರಂಭವಾದ ಟೆನೆಸ್ಸಿ ಅಕ್ವೇರಿಯಂ ಹಾಗೂ 1895ರಿಂದ ಲುಕೌಟ್ ಬೆಟ್ಟವನ್ನೇರುತ್ತಿರುವ ಇನ್‌ಕ್ಲೈನ್ ರೈಲನ್ನು ಯೋಚಿಸಿದ್ದೇನೆ. ಅಷ್ಟು ಕಡಿದಾದ ಹಳಿಯ ಆ ರೈಲಿನಲ್ಲಿ ಹತ್ತಿ ಕೂರಲು ಮಂಡಿನೋವಿರುವವರಿಗೆ ಕಷ್ಟವಾಗುತ್ತದೆಯೇ? ಪಾದಚಾರಿಗಳಿಗೇ ಮೀಸಲಾದ ವಾಲ್ನಟ್ ಸ್ಟ್ರೀಟ್ ಸೇತುವೆ ಸದ್ಯ ತೆರೆದಿದೆಯೇ? ಸೇತುವೆಯ ಆಸುಪಾಸಿನಲ್ಲೇ ಲಿಫ್ಟ್ ಇರುವ ಹೋಟೆಲು, ಹಾಗೆಯೇ ಮೊಟ್ಟೆಯನ್ನೂ ಮುಟ್ಟದ ಅಮ್ಮನಿಗೆ ಸಂಜೆ ಬಿಸಿಯೂಟ ಸಿಗುವ ಜಾಗ ಗೊತ್ತಿದ್ದವರು ದಯವಿಟ್ಟು ತಿಳಿಸಬೇಕು. ಹಿರಿಯರೊಂದಿಗೆ ಹೋಗಿಬಂದವರ ಅನುಭವವಾದರೆ ಇನ್ನೂ ಉಪಕಾರವಾಗುತ್ತದೆ. ಗುರುವಾರದೊಳಗೆ ಕೋಣೆ ಕಾಯ್ದಿರಿಸಬೇಕಾಗಿದೆ.