ಸ್ಪ್ಯಾಸ್ಟಿಸಿಟಿಗೆ ‘ಸೆಟೆತ’ ಅನ್ನಿ

ಮೇಡಂ, ಬೊಟುಲಿನಮ್ ಟಾಕ್ಸಿನ್ ಸೂಜಿಮದ್ದಿನ ಬಗ್ಗೆ ರೋಗಿಗಳಿಗೆ ಕೊಡುವ ಕರಪತ್ರಕ್ಕೆ ಕನ್ನಡ ಪದ ಕೇಳಿದ್ದೀರಿ, ಅದು ನಾಳೆಯೇ ಅಚ್ಚಿಗೆ ಹೋಗಬೇಕು ಅಂದಿದ್ದೀರಿ. ಹಾಗಾಗಿ ಮೊದಲು ಉತ್ತರ: ಸ್ಪ್ಯಾಸ್ಟಿಸಿಟಿಗೆ, ಅಂದರೆ ಸ್ನಾಯು ಬಿಗಿದು ಕೈಕಾಲು ಸೆಟೆದುಕೊಳ್ಳುವುದಕ್ಕೆ, ‘ಸೆಟೆತ’. ಈ ಎಳೆಯಲ್ಲಿ ಮೇಲೆ ಯಾರೋ ಕೊಟ್ಟ ‘ಪೇಶೀಸ್ತಬ್ಧತೆ’ ಬೇಡವೇ ಬೇಡ. ಸ್ತಬ್ಧ ಅಂದರೆ ನಿಂತುಹೋದದ್ದು. ಇಲ್ಲಿ ಸ್ನಾಯು ನಿಂತಿಲ್ಲ, ಬಿಗಿಯುತ್ತಲೇ ಇದೆ.

‘ಸೆಳೆತ’ವೂ ಸಲ್ಲದು. ಅದು ಸ್ನಾಯು ತಟ್ಟನೆ ಹಿಡಿದುಕೊಳ್ಳುವ ಸ್ಪ್ಯಾಸಮ್‌ಗೆ ಇರಲಿ. ಗ್ರೀಕಿನಲ್ಲೂ ಆ ಪದದ ಬೇರು ‘ಎಳೆ, ಸೆಳೆ’ ಅಂತಲೇ. ಸೆಳೆತ ಬಂದು ಹೋಗುತ್ತದೆ. ಸೆಟೆತ ಹಾಗಲ್ಲ, ಬೇಗ ಬಿಡಿಸಲು ಹೋದಷ್ಟೂ ಜಾಸ್ತಿ ಬಿಗಿಯುತ್ತದೆ. ಲಕ್ವ ಹೊಡೆದ ಮೇಲೆ ನಮ್ಮ ತಂದೆಯ ಎಡಗೈ ಹೀಗೇ ಆಗಿತ್ತು. ಉಗುರು ಅಂಗೈಗೆ ಚುಚ್ಚಿ ಗಾಯ. ಅಮ್ಮ ದಿನಾ ಒಂದೊಂದೇ ಬೆರಳು ಬಿಡಿಸಿ, ಒರೆಸಿ, ಸುತ್ತಿದ ಕರ್ಚೀಫು ಇಡುತ್ತಿದ್ದರು. ‘ಕೈ ಸೆಟ್ಕೊಂಡಿದೆ’ ಅನ್ನುತ್ತಿದ್ದರು. ಬಿಗಿ–ಬಿಗಿತ, ಕುಣಿ–ಕುಣಿತ, ಸೆಟೆ–ಸೆಟೆತ. ಇನ್ನೇನು ಬೇಕು?

ಇನ್ನು ಸೂಜಿಮದ್ದಿನ ಹೆಸರಿನ ಟಾಕ್ಸಿನ್‌ಗೆ ಯಾರೋ ‘ನಂಜು’ ಅಂದಿದ್ದಾರೆ. ಒಪ್ಪಲ್ಲ. ಗಾಯ ಆದವರಿಗೆ ಬದನೆಕಾಯಿ ನಂಜು ಅನ್ನುವ ಜನ ನಾವು. ‘ನಂಜಿನ ಸೂಜಿಮದ್ದು’ ಅಂತ ಓದಿದವರು ಕೈ ಚಾಚುತ್ತಾರಾ? ಮುಚ್ಚಿಡಿ ಅಂತಲ್ಲ. ಒಂದು ಬ್ಯಾಕ್ಟೀರಿಯಾದ ವಿಷ ಇದು, ತೀರಾ ಸ್ವಲ್ಪ ಕೊಡುತ್ತಾರೆ, ನರದಿಂದ ಸ್ನಾಯುವಿಗೆ ಹೋಗುವ ಸೂಚನೆಯನ್ನು ತಡೆಯುತ್ತದೆ, ಸುಮಾರು 3 ತಿಂಗಳಿಗೆ ಅದರ ಪರಿಣಾಮ ಇಳಿಯುತ್ತದೆ ಅಂತ ಬಿಡಿಸಿ ಬರೆಯಿರಿ. ಬೊಟುಲಿನಮ್ ಹಾಗೇ ಇರಲಿ. ಲ್ಯಾಟಿನ್ನಿನಲ್ಲಿ ಬೊಟುಲಸ್ ಅಂದರೆ ಸಾಸೇಜು. ಕೆಟ್ಟ ಸಾಸೇಜು ತಿಂದವರ ಕಾಯಿಲೆಯಿಂದ ಬಂದ ಹೆಸರು, ಅದನ್ನು ಕನ್ನಡಿಸಿ ರೋಗಿಗೆ ಏನೂ ಸಿಗುವುದಿಲ್ಲ.

ಇದೇ ಸೂಜಿಮದ್ದು ಕೊಡುವ ಇನ್ನೊಂದು ಕಾಯಿಲೆ ಕ್ರಾನಿಕ್ ಮೈಗ್ರೇನ್. ಅದಕ್ಕೆ ನೀವು ಹಾಕಿದ ‘ಹಳೆಯ ಅರೆತಲೆನೋವು’ ತಪ್ಪು. ವೈದ್ಯರು ನೋಡುವುದು ತಿಂಗಳಲ್ಲಿ 15 ದಿನವೋ ಅದಕ್ಕೂ ಜಾಸ್ತಿಯೋ ತಲೆನೋವು ಇದೆಯಾ ಅಂತ. ಅದನ್ನೇ ಬರೆಯಿರಿ. ಹಣೆಯಿಂದ ಹೆಗಲವರೆಗೆ 31 ಕಡೆ ಚುಚ್ಚುತ್ತಾರೆ ಅನ್ನುವುದನ್ನೂ ಮೊದಲೇ ಹೇಳಿಬಿಡಿ.

‘ಎರವಲು ಒಂದೂ ಬೇಡ’ ಅಂದವರಿಗೆ ಒಂದು ಮಾತು. ನಿಮ್ಮ ಸೂಜಿಮದ್ದಿನ ಸೂಜಿಯೇ ಸಂಸ್ಕೃತದ ‘ಸೂಚಿ’. ಲಕ್ವ ಅರಬ್ಬಿಯದು. ನಮ್ಮೂರಲ್ಲಿ ಪಾರ್ಶ್ವವಾಯು ಅಂದರೆ ಅರ್ಧ ಜನ ಸುಮ್ನೆ ಮುಖ ನೋಡುತ್ತಾರೆ, ಲಕ್ವ ಅಂದರೆ ಮಗುವಿಗೂ ಗೊತ್ತು. ಇದು ಕಾಯಿಲೆಯವರ ಕೈಗೆ ಹೋಗುವ ಹಾಳೆ. ಅಚ್ಚಗನ್ನಡದ ಜಗಳ ಬೇರೆ ಎಳೆಯಲ್ಲಿ ಆಡೋಣ, ನಾನೂ ಬರುತ್ತೇನೆ.

ಮೇಡಂ, ‘ಸೆಟೆತ’ ಮೊದಲ ಸಲ ಬರುವಲ್ಲಿ ‘ಕೈಕಾಲು ಬಿಗಿದು, ಮಡಚಲೂ ಬಿಡಿಸಲೂ ಕಷ್ಟವಾಗುವುದು’ ಅಂತ ಸೇರಿಸಿ. ಕರಡು ಇಲ್ಲಿ ಹಾಕಿ, ಇವತ್ತು ರಾತ್ರಿಯೇ ನೋಡಿಕೊಡುತ್ತೇನೆ.