‘ಈ ತಂತಿ ಗಟ್ಟಿ’ ಎಂದರೆ ಏನರ್ಥ? ಗಿಟಾರಿಗೆ ತಂತಿ ಆರಿಸುವವರಿಗೆ ಬೇಕಾದ ಪದಗಳು

ಅಕೂಸ್ಟಿಕ್ ಗಿಟಾರ್ ಕಲಿಯಲು ತೊಡಗಿದವರಿಗಾಗಿ ತಂತಿಯ ಆಯ್ಕೆಯ ಬಗ್ಗೆ ಕನ್ನಡದಲ್ಲಿ ಒಂದು ಕಿರು ಕೈಪಿಡಿ ಬರೆಯುತ್ತಿದ್ದೇನೆ. ವಿಷಯ ತೊಡಕಿನದಲ್ಲ, ಆದರೆ ಪದಗಳು ಹೆಜ್ಜೆಹೆಜ್ಜೆಗೂ ತಡೆಯುತ್ತಿವೆ. ಕೆಲವಕ್ಕೆ ನನ್ನದೇ ತೀರ್ಮಾನಗಳಿವೆ, ಅವನ್ನು ಒರೆಗೆ ಹಚ್ಚಬೇಕು. ಕೆಲವಕ್ಕೆ ಪದವೇ ಸಿಕ್ಕಿಲ್ಲ. ನುಡಿ ಬಲ್ಲವರೂ ವಾದ್ಯ ಬಲ್ಲವರೂ ನೋಡಿ ಹೇಳಬೇಕೆಂದು ಕೋರಿಕೆ.

ಮೊದಲು ‘ಗಟ್ಟಿ’ಯನ್ನೇ ತೆಗೆದುಕೊಳ್ಳುತ್ತೇನೆ. ‘ಈ ತಂತಿ ಗಟ್ಟಿ’ ಎಂದು ಯಾರಾದರೂ ಹೇಳಿದರೆ ನಾವು ಏನೆಂದು ತಿಳಿಯಬೇಕು? ಬೇಗ ತುಂಡಾಗುವುದಿಲ್ಲ ಎಂದೇ? ಒತ್ತಿದರೆ ಬೆರಳು ನೋಯುತ್ತದೆ ಎಂದೇ? ಧ್ವನಿ ಗಟ್ಟಿಯಾಗಿ ಬರುತ್ತದೆ ಎಂದೇ? ಮೂರೂ ಸಹಜವಾದ ಕನ್ನಡವೇ. ದಪ್ಪ ತಂತಿಗೆ ಈ ಮೂರೂ ಮಾತು ಅಷ್ಟಿಷ್ಟು ಹೊಂದುವುದರಿಂದ ಗೊಂದಲ ಇದೆ ಎಂಬುದೇ ಗಮನಕ್ಕೆ ಬರುವುದಿಲ್ಲ. ತೊಂದರೆ ಗೊತ್ತಾಗುವುದು ಸಲಹೆ ಕೊಡುವಾಗ. ಬೆರಳು ನೊಂದವರು ‘ತಂತಿ ಗಟ್ಟಿ ಇದೆ’ ಎನ್ನುತ್ತಾರೆ, ಕೇಳಿದವರು ತೆಳು ತಂತಿ ಹಾಕಿಸಿ ಎನ್ನುತ್ತಾರೆ. ನೋವಿಗೆ ಕಾರಣ ಎಷ್ಟೋ ಸಲ ತಂತಿಯ ದಪ್ಪವಲ್ಲ, ತಂತಿಗೂ ಅದರ ಕೆಳಗಿನ ಮೆಟ್ಟಿಲಿಗೂ (ಫ್ರೆಟ್) ನಡುವಿನ ಅಂತರ. ಆ ಅಂತರ ಅತಿಯಾಗಿದ್ದರೆ ಎಷ್ಟು ತೆಳುವಾದ ತಂತಿ ಹಾಕಿದರೂ ಬೆರಳಿಗೆ ಪೂರ್ತಿ ನೆಮ್ಮದಿ ಸಿಗದು. ಗಿಟಾರ್ ವಲಯದಲ್ಲಿ ‘ಆಕ್ಷನ್’ ಎಂದು ಕರೆಯುವ ಇದನ್ನು ನಾನು ‘ತಂತಿಯ ಎತ್ತರ’ ಎಂದು ಬರೆದಿದ್ದೇನೆ. ಕೈಪಿಡಿಯಲ್ಲಿ ‘ಗಟ್ಟಿ’ಯನ್ನು ಧ್ವನಿಗೆ ಮಾತ್ರ ಮೀಸಲಿಟ್ಟು, ಉಳಿದ ಎರಡಕ್ಕೆ ‘ಬಾಳಿಕೆಯ’, ‘ಒತ್ತಲು ಕಷ್ಟವಾದ’ ಎಂದು ಬಿಡಿಸಿ ಹೇಳಬೇಕೆಂಬುದು ನನ್ನ ನಿಲುವು.

ಇನ್ನು ‘ಗೇಜ್’. ಈ ಪದ ಕನ್ನಡದಲ್ಲಿ ಆಗಲೇ ಬಳಕೆಯಲ್ಲಿದೆ, ತಗಡು ಕೊಳ್ಳುವವರಿಗೂ ಲೋಹದ ತಂತಿ ಕೊಳ್ಳುವವರಿಗೂ ಅದು ಪರಿಚಿತ. ಆದರೆ ಅಲ್ಲಿ ಲೆಕ್ಕ ತಲೆಕೆಳಗು: ಗೇಜ್ ಸಂಖ್ಯೆ ಏರಿದಂತೆ ದಪ್ಪ ಇಳಿಯುತ್ತದೆ. ಬ್ರಿಟಿಷ್ ತಂತಿ ಅಳತೆಯಲ್ಲಿ 12 ಗೇಜ್ ಎಂದರೆ 2.64 ಮಿಲಿಮೀಟರ್ ದಪ್ಪ. ಗಿಟಾರಿನ 12 ಎಂದರೆ ಅಂಗುಲದ ಸಾವಿರದಲ್ಲಿ ಹನ್ನೆರಡು ಭಾಗ, ಸುಮಾರು 0.30 ಮಿಲಿಮೀಟರ್. ಎಂಟು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ! ಗಿಟಾರಿನಲ್ಲಿ ಸಂಖ್ಯೆ ಏರಿದರೆ ದಪ್ಪವೂ ಏರುತ್ತದೆ. ಹಾಗಾಗಿ ನಾನು ‘ಗೇಜ್’ ಬಿಟ್ಟು ನೇರವಾಗಿ ‘ದಪ್ಪ’ ಎಂದೇ ಬರೆಯುತ್ತಿದ್ದೇನೆ. ‘ಮೊದಲ ತಂತಿಯ ದಪ್ಪ 12’ ಎಂದರೆ ಯಾರಿಗೂ ಅನುಮಾನ ಬರಲಾರದು.

‘ಲೈಟ್’, ‘ಮೀಡಿಯಂ’ಗಳ ವಿಷಯದಲ್ಲಿ ನಾನು ‘ಹಗುರ’, ‘ಮಧ್ಯಮ’ ಎಂದು ಬರೆಯುವುದಕ್ಕೆ ಒಪ್ಪಿಲ್ಲ. ಇವು ಅಳತೆಗಳಲ್ಲ, ಬರೀ ಹಣೆಪಟ್ಟಿಗಳು. ಅಕೂಸ್ಟಿಕ್ ಗಿಟಾರಿನ ‘ಲೈಟ್’ ಸೆಟ್, ಅಂದರೆ ಆರು ತಂತಿಗಳ ಕಟ್ಟು, ಸಾಮಾನ್ಯವಾಗಿ ತೆಳುವಾದ ಮೊದಲ ತಂತಿಯ 12ರಿಂದ ದಪ್ಪನೆಯ ಆರನೆಯದರ 53ರವರೆಗೆ ಹೋಗುತ್ತದೆ. ಎಲೆಕ್ಟ್ರಿಕ್ ಗಿಟಾರಿನ ‘ಲೈಟ್’ 10ರಿಂದ 46ರವರೆಗೆ. ಒಂದೇ ಪದಕ್ಕೆ ಎರಡು ಅಳತೆ. ಅಕೂಸ್ಟಿಕ್‌ನಲ್ಲೇ 10ರಿಂದ 47ರದ್ದು ‘ಎಕ್ಸ್‌ಟ್ರಾ ಲೈಟ್’, 11ರಿಂದ 52ರದ್ದು ‘ಕಸ್ಟಮ್ ಲೈಟ್’, 13ರಿಂದ 56ರದ್ದು ‘ಮೀಡಿಯಂ’. ಹಾಗೆ ನೋಡಿದರೆ ನಡುಗಾತ್ರದ್ದೆಂದು ಹೆಸರು ಪಡೆದ ಸೆಟ್ಟೇ ಈ ಸಾಲಿನಲ್ಲಿ ಎಲ್ಲಕ್ಕಿಂತ ದಪ್ಪ. ಅನುಭವಿಗಳು ಸೆಟ್ಟನ್ನು ಮೊದಲ ತಂತಿಯ ಸಂಖ್ಯೆಯಿಂದಲೇ ಗುರುತಿಸುತ್ತಾರೆ. ಕನ್ನಡದಲ್ಲಿ ಅದಕ್ಕೆ ಷಷ್ಠಿ ವಿಭಕ್ತಿ ಸೊಗಸಾಗಿ ಒದಗುತ್ತದೆ: ‘ಹನ್ನೊಂದರ ಸೆಟ್’, ‘ಹನ್ನೆರಡರ ಸೆಟ್’. ಹನ್ನೆರಡು ತಂತಿಗಳ ಗಿಟಾರ್ ಎಂಬ ಬೇರೆಯೇ ವಾದ್ಯವಿದೆ. ಆದರೂ ‘ಹನ್ನೆರಡರ’ ಎಂದಾಗ ದಪ್ಪದ ಮಾತು, ‘ಹನ್ನೆರಡು ತಂತಿಯ’ ಎಂದಾಗ ವಾದ್ಯದ ಮಾತು ಎಂಬುದು ಪ್ರತ್ಯಯದಿಂದಲೇ ತಿಳಿಯುತ್ತದೆ.

ನಾನು ಹೆಚ್ಚು ಚರ್ಚೆ ಬಯಸುವುದು ‘ಟೆನ್ಶನ್’ ಕುರಿತು. ಹೆಚ್ಚಿನವರು ಇದಕ್ಕೆ ‘ಬಿಗಿ’ ಅಥವಾ ‘ಬಿಗಿತ’ ಎನ್ನುತ್ತಾರೆ. ಆದರೆ ‘ತಂತಿ ಬಿಗಿ ಮಾಡು’ ಎಂದರೆ ಬಿರಡೆ ತಿರುಗಿಸಿ ಶ್ರುತಿ ಏರಿಸು ಎಂದೇ ಅರ್ಥ. ನಮಗೆ ಇಲ್ಲಿ ಬೇಕಾದ ಸಂಗತಿ ಬೇರೆ: ಶ್ರುತಿ ಅದೇ, ಗಿಟಾರ್ ಅದೇ, ತಂತಿ ಮಾತ್ರ ದಪ್ಪವಾಯಿತು, ಆಗ ಅದು ಕುದುರೆಯನ್ನು (ಹಲಗೆಯ ಮೇಲೆ ತಂತಿಗಳನ್ನು ಹಿಡಿದಿಡುವ ‘ಬ್ರಿಜ್’) ಹೆಚ್ಚು ಬಲದಿಂದ ಜಗ್ಗುತ್ತದೆ. ಮೇಲೆ ಬೇರೆ ಲೋಹದ ಎಳೆ ಸುತ್ತಿಲ್ಲದ ಉಕ್ಕಿನ ತಂತಿಯಲ್ಲಿ ಈ ಬಲ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಮೊದಲ ತಂತಿಯನ್ನು 12ರಿಂದ 13ಕ್ಕೆ ಬದಲಿಸಿದರೆ ಜಗ್ಗುವಿಕೆ ಶೇಕಡಾ 17ರಷ್ಟು ಹೆಚ್ಚುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸ ಬೆರಳಿಗೆ ಚೆನ್ನಾಗಿ ಗೊತ್ತಾಗುವುದು ಈ ಕಾರಣಕ್ಕೆ. ಹನ್ನೆರಡರ ಸೆಟ್ಟಿನ ಆರೂ ತಂತಿಗಳು ಸೇರಿ ಗಿಟಾರಿನ ಮೇಲೆ ಹೇರುವ ಬಲ 70 ಕಿಲೋಗ್ರಾಂ ತೂಕವನ್ನು ಮೀರುತ್ತದೆ. ನೈಲಾನ್ ತಂತಿಗಳದ್ದು ಹೆಚ್ಚುಕಡಿಮೆ ಇದರ ಅರ್ಧ. ನೈಲಾನ್ ತಂತಿಗೆಂದೇ ಮಾಡಿದ ಕ್ಲಾಸಿಕಲ್ ಗಿಟಾರಿಗೆ ಉಕ್ಕಿನ ತಂತಿ ಕಟ್ಟಿದರೆ ಮುಂಭಾಗದ ಹಲಗೆ ಉಬ್ಬುವುದೂ ಕುದುರೆ ಕಿತ್ತುಬರುವುದೂ ಉಂಟು. ಇದನ್ನು ಓದುಗರಿಗೆ ಮನದಟ್ಟು ಮಾಡಿಸಲೇಬೇಕು. ಅದಕ್ಕೆ ‘ಬಿಗಿ’ ಸಾಲದು, ‘ಎಳೆತ’ ಸರಿ ಎಂದು ನನಗೆ ತೋರುತ್ತದೆ. ಬಿಗಿ ನಾವು ಮಾಡುವಂಥದ್ದು, ಎಳೆತ ತಂತಿಯದು. ‘ಸೆಳೆತ’ ಬೇಡವೇ ಎಂದು ಕೇಳಬಹುದು. ಅದರಲ್ಲಿ ಮನಸ್ಸಿನ ಆಕರ್ಷಣೆಯ ಛಾಯೆ ಬಹಳ.

ಮುಂದಿನದು ‘ಬ್ರಾಂಜ್’. ಇಲ್ಲಿ ಇಂಗ್ಲಿಷಿನ ಹೆಸರೇ ದಾರಿ ತಪ್ಪಿಸುತ್ತದೆ, ನಮಗೆ ಸರಿಯಾದ ಪದಗಳು ಮೊದಲಿನಿಂದಲೂ ಇವೆ. ‘80/20 ಬ್ರಾಂಜ್’ ಎಂದು ಮಾರುವ ತಂತಿಯ ಸುತ್ತಿನಲ್ಲಿ ಇರುವುದು 80 ಭಾಗ ತಾಮ್ರ, 20 ಭಾಗ ಸತು. ತಾಮ್ರಕ್ಕೆ ಸತು ಬೆರೆತರೆ ಹಿತ್ತಾಳೆ, ತವರ ಬೆರೆತರೆ ಕಂಚು. ಹಾಗಾಗಿ ಇದು ಹಿತ್ತಾಳೆ ಸುತ್ತಿನ ತಂತಿ. ‘ಫಾಸ್ಫರ್ ಬ್ರಾಂಜ್’ನಲ್ಲಿ ತಾಮ್ರ, ತವರ, ಜೊತೆಗೆ ಅತ್ಯಲ್ಪ ರಂಜಕ ಇರುವುದರಿಂದ ಅದು ನಿಜವಾದ ಕಂಚು. 80/20ಯನ್ನು ಕಂಚು ಎಂದು ಅನುವಾದಿಸುವುದು ತಪ್ಪೆಂದೇ ಹೇಳುತ್ತೇನೆ. ಒಂದು ತೊಡಕಿದೆ: ‘ಕಂಚಿನ ಕಂಠ’ ಎಂಬ ನುಡಿಗಟ್ಟಿನಿಂದಾಗಿ ಕಂಚು ಎಂದೊಡನೆ ಖಣಖಣಿಸುವ ದನಿಯನ್ನೇ ನಾವು ನಿರೀಕ್ಷಿಸುತ್ತೇವೆ. ಗಿಟಾರಿನಲ್ಲಿ ಹೊಸದರಲ್ಲಿ ಹೆಚ್ಚು ಖಣಖಣಿಸುವುದು ಹಿತ್ತಾಳೆ ಸುತ್ತು. ಕಂಚಿನ ಸುತ್ತಿನ ದನಿ ಅದಕ್ಕಿಂತ ಮೆತ್ತಗೆ, ಆದರೆ ಆ ಗುಣ ಹೆಚ್ಚು ಕಾಲ ಉಳಿಯುತ್ತದೆ. ಈ ಆಯ್ಕೆಯೆಲ್ಲ ಸಾಮಾನ್ಯ ಸೆಟ್ಟಿನ ನಾಲ್ಕು ತಂತಿಗಳಿಗೆ ಮಾತ್ರ. ತೆಳುವಾದ ಎರಡು ತಂತಿಗಳಿಗೆ ಸುತ್ತೇ ಇರುವುದಿಲ್ಲ, ಅವು ಬರೀ ಉಕ್ಕು. ‘ಸುತ್ತು ತಂತಿ’, ‘ಬರಿ ತಂತಿ’ ಎಂಬ ಜೋಡಿ ಒಪ್ಪಿಗೆಯೇ?

ದನಿಯ ಗುಣ ಹೇಳುವ ‘ಬ್ರೈಟ್’, ‘ವಾರ್ಮ್’ಗಳಿಗೆ ‘ಹೊಳಪಿನ ದನಿ’, ‘ಬೆಚ್ಚನೆಯ ದನಿ’ ಎಂಬ ಅನುವಾದಗಳು ನನ್ನ ಕಿವಿಗೆ ಹಿಡಿಸಲಿಲ್ಲ. ಮೀಟಿದ ಸ್ವರದೊಡನೆ ತಾನಾಗಿ ಹುಟ್ಟುವ ಮೇಲಿನ ಸ್ವರಗಳನ್ನು ನಮ್ಮ ಸಂಗೀತದಲ್ಲಿ ಸ್ವಯಂಭೂ ಸ್ವರಗಳು ಎನ್ನುತ್ತಾರೆ. ಅವು ಎದ್ದು ಕೇಳಿಸಿದರೆ ‘ಮೊನಚು ದನಿ’, ಹಿಂದೆ ಸರಿದರೆ ‘ದುಂಡು ದನಿ’ ಎನ್ನೋಣವೇ? ಮೊನಚಿಗೂ ದುಂಡಿಗೂ ಎದುರುಬದುರಿನ ಸಂಬಂಧ ಇರುವುದರಿಂದ ಒಂದನ್ನು ತಿಳಿದವರಿಗೆ ಇನ್ನೊಂದು ತಾನೇ ತಿಳಿಯುತ್ತದೆ.

ಬಿಡಿ ತಂತಿ ಕೊಳ್ಳುವಾಗ ‘ಮೇಲಿನ ತಂತಿ’ ಎನ್ನಬಾರದೆಂದು ಎಚ್ಚರಿಕೆ ಬರೆದಿದ್ದೇನೆ. ಗಿಟಾರ್ ಹಿಡಿದು ಕುಳಿತಾಗ ಮೇಲಿರುವುದು ಮಂದ್ರದ ದಪ್ಪ ತಂತಿ, ಸ್ಥಾಯಿಯಲ್ಲಿ ಮೇಲಿರುವುದು ಕೆಳಗಿನ ತೆಳು ತಂತಿ. ‘ಒಂದನೆಯ ತಂತಿ’ ಎಂದರೆ ಎಲ್ಲೆಡೆಯೂ ತೆಳುವಾದದ್ದೇ, ‘ಆರನೆಯದು’ ಎಂದರೆ ದಪ್ಪದ್ದೇ. ಬೆವರು, ಕೊಳೆ ತಾಗದಂತೆ ತೆಳುವಾದ ಪಾಲಿಮರ್ ಹೊದಿಕೆ ಕೊಟ್ಟ ‘ಕೋಟೆಡ್’ ತಂತಿಗೆ ‘ಪೊರೆ ತಂತಿ’ ಎಂದಿದ್ದೇನೆ. ‘ಲೇಪಿತ’ಕ್ಕಿಂತ ಇದು ಚಿಕ್ಕದು.

ಪದ ಸಿಗದೆ ಖಾಲಿ ಬಿಟ್ಟಿರುವುದು ಒಂದೇ ಕಡೆ. ತುಂಡಾಗದೆ ಶ್ರುತಿಗೂ ನಿಲ್ಲುತ್ತಿದ್ದು, ಬೆವರು ಕೊಳೆ ಸುತ್ತಿನ ಸಂದಿಗೆ ಇಳಿದು ಮೊನಚೆಲ್ಲ ಹೋಗಿರುವ ತಂತಿಯನ್ನು ಏನೆಂದು ಕರೆಯಬೇಕು? ‘ಹಳೆಯ ತಂತಿ’ ಸರಿಹೊಂದದು, ದಿನವೂ ಗಂಟೆಗಟ್ಟಲೆ ನುಡಿಸುವವರ ಕೈಯಲ್ಲಿ ಕೆಲವೇ ವಾರಗಳಲ್ಲಿ ಹೀಗಾಗಬಹುದು. ‘ಸತ್ತ ತಂತಿ’ ಇಂಗ್ಲಿಷಿನ ನೆರಳು. ‘ಮಂಕು’ ಕಣ್ಣಿಗೆ ಸಂಬಂಧಿಸಿದ್ದು. ‘ನಾದ ಇಂಗಿದ ತಂತಿ’ ಎಂಬಲ್ಲಿಗೆ ಬಂದು ನಿಂತಿದ್ದೇನೆ. ವೀಣೆ, ಪಿಟೀಲು, ತಂಬೂರಿ ನುಡಿಸುವವರ ಮಾತಿನಲ್ಲಿ ಇದಕ್ಕೆ ಈಗಾಗಲೇ ಒಂದು ಪದ ಇದ್ದರೆ, ಯಾವ ಸಂದರ್ಭದಲ್ಲಿ ಬಳಸುತ್ತಾರೆ ಎಂಬುದರೊಂದಿಗೆ ದಯವಿಟ್ಟು ತಿಳಿಸಿ.