ಇಂಟರ್ನಲ್ಸ್‌ನಲ್ಲಿ ‘ಕಥೆ ಇದೆ, ಕಲಂ ಇಲ್ಲ’ ಅಂತ ಬರೆದಿದ್ದಾರೆ. ಲೇಬರ್ ಲಾ ಹೇಗೆ ಓದಬೇಕು?

ಬೆಣ್ಣೆನಗರಿ:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು, ವಯಸ್ಸು 34. ಮೂರು ವರ್ಷದ ಎಲ್‌ಎಲ್‌ಬಿ ಓದುತ್ತಿದ್ದೇನೆ, ಈಗ ಎರಡನೇ ವರ್ಷ. ಬೆಳಿಗ್ಗೆ ಕಾಲೇಜು. ಮಧ್ಯಾಹ್ನದಿಂದ ಒಬ್ಬ ಆಡಿಟರ್ ಆಫೀಸಿನಲ್ಲಿ ಜಿಎಸ್‌ಟಿ ರಿಟರ್ನ್ ತುಂಬುವ ಕೆಲಸ.

ಕಾಂಟ್ರ್ಯಾಕ್ಟ್, ಕಂಪನಿ ಲಾ ಇವೆಲ್ಲ ನನಗೆ ಕಷ್ಟ ಆಗಲಿಲ್ಲ. ಆಫೀಸಿನಲ್ಲಿ ದಿನಾ ಕಾಣುವುದು ಅದೇ. ಪಾರ್ಟ್ನರ್‌ಶಿಪ್ ಡೀಡು, ಬಾಡಿಗೆ ಕರಾರು, ಬೌನ್ಸ್ ಆದ ಚೆಕ್ಕು. 138ನೇ ಕಲಂ ಲೆಕ್ಕ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ: ಬ್ಯಾಂಕಿನಿಂದ ಮೆಮೊ ಬಂದ 30 ದಿನದೊಳಗೆ ನೋಟಿಸು, ನೋಟಿಸು ತಲುಪಿದ ಮೇಲೆ ದುಡ್ಡು ಕೊಡಲು 15 ದಿನ, ಕೊಡದಿದ್ದರೆ ಒಂದು ತಿಂಗಳೊಳಗೆ ದೂರು. ಕಾಂಟ್ರ್ಯಾಕ್ಟ್‌ನಲ್ಲಿ 20ಕ್ಕೆ 17 ಬಂದಿತ್ತು. ಲೇಬರ್ ಲಾದಲ್ಲಿ 9. ಉತ್ತರದ ಪಕ್ಕ ಮೇಡಂ ಕೆಂಪು ಪೆನ್ನಿನಲ್ಲಿ ‘ಕಥೆ ಇದೆ, ಕಲಂ ಇಲ್ಲ’ ಅಂತ ಬರೆದಿದ್ದಾರೆ.

ನಾನು ಬರೆದದ್ದು ನಿಜಕ್ಕೂ ಕಥೆಯೇ. ಒಪ್ಪುತ್ತೇನೆ.

ನಮ್ಮ ಅಪ್ಪಾಜಿ ಇಲ್ಲಿನ ಒಂದು ಕಾಟನ್ ಮಿಲ್ಲಿನಲ್ಲಿ ಸ್ಪಿನ್ನಿಂಗ್ ಖಾತೆಯಲ್ಲಿದ್ದರು. ಯಾವ ಮಿಲ್ಲು ಅಂತ ಬರೆಯುವುದಿಲ್ಲ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅದು ಮುಚ್ಚಿತು. ಮನೆಯಲ್ಲಿ ಆಗ ದಿನಾ ಒಂದು ಮಾತು ಕೇಳುತ್ತಿತ್ತು, ‘ಟ್ವೆಲ್ ತ್ರೀ’. ಟ್ವೆಲ್ ತ್ರೀ ಆಯ್ತಂತೆ, ಟ್ವೆಲ್ ತ್ರೀಲಿ ಇಷ್ಟೇ ಬಂತಂತೆ. ನಾನು ಅದು ಶಿಫ್ಟಿನ ಟೈಮು ಅಂದುಕೊಂಡಿದ್ದೆ. ಹನ್ನೆರಡರಿಂದ ಮೂರು. ಹೋದ ಸೆಮಿಸ್ಟರ್‌ನಲ್ಲಿ ಕೈಗಾರಿಕಾ ವಿವಾದ ಕಾಯ್ದೆಯ 12(3), ಅಂದರೆ ಸರ್ಕಾರಿ ಅಧಿಕಾರಿಯ ಮುಂದೆ ಆಗುವ ರಾಜಿ ಒಪ್ಪಂದದ ಕಲಂ, ಪಾಠಕ್ಕೆ ಬಂದಾಗ ಬೆಂಚಿನ ಮೇಲೆ ಕೂತಲ್ಲೇ ಮೈ ಜುಮ್ಮೆಂದಿತು.

ಅಪ್ಪಾಜಿಗೆ ಈಗ 70. ಇವತ್ತಿಗೂ ಅವರದು ಒಂದೇ ವಾದ. “ನಾನು ಆ ಪೇಪರ್‌ಗೆ ಸಹಿ ಹಾಕಿಲ್ಲ. ಯೂನಿಯನ್ ಸೆಕ್ರೆಟರಿ ಹಾಕಿದ. ಅದು ನನಗೆ ಹೆಂಗೆ ಅನ್ವಯ ಆಗತ್ತೆ?” ಕಾಂಟ್ರ್ಯಾಕ್ಟ್ ಓದಿದ ಮೇಲೆ ನನಗೂ ಅವರು ಹೇಳುವುದೇ ಸರಿ ಅನ್ನಿಸಿತು. ಒಪ್ಪಿಗೆ ಇಲ್ಲದೆ ಕರಾರು ಎಲ್ಲಿಂದ ಬರಬೇಕು? ಇಂಟರ್ನಲ್ಸ್‌ನಲ್ಲಿ ‘ಸೆಟ್ಲ್‌ಮೆಂಟ್ ಯಾರನ್ನು ಕಟ್ಟುತ್ತದೆ’ ಅಂತ ಪ್ರಶ್ನೆ ಬಂತು. ಸಹಿ ಹಾಕದವರನ್ನು ಕಟ್ಟುವುದಿಲ್ಲ ಅಂತ ಎರಡು ಪುಟ ಬರೆದೆ. ಕೆಂಪು ಗೀಟು ಬಿದ್ದದ್ದು ಅಲ್ಲೇ.

ಆ ಪೇಪರು ಇನ್ನೂ ಟ್ರಂಕಿನಲ್ಲಿದೆ. ಮಡಿಕೆಯಲ್ಲಿ ಹರಿದಿದೆ, ಅಮ್ಮ ಹಿಂದಿನಿಂದ ಕ್ಯಾಲೆಂಡರ್ ಹಾಳೆ ಅಂಟಿಸಿದ್ದಾರೆ.

ಕೇಳಬೇಕಾದ್ದು ಇಷ್ಟು. ನನ್ನ ಉತ್ತರದಲ್ಲಿ ತಪ್ಪು ಎಲ್ಲಿದೆ? ಹೊಸ ಲೇಬರ್ ಕೋಡ್‌ಗಳು ಬಂದಿರುವಾಗ ಹಳೇ ಕಾಯ್ದೆ ಓದಬೇಕಾ? ಕನ್ನಡದಲ್ಲಿ ಬರೆದರೆ ಮಾರ್ಕ್ಸ್ ಕಮ್ಮಿ ಕೊಡುತ್ತಾರಾ?

ಬ್ಯಾಕ್‌ಲಾಗ್ ಭೂಪ:

ಅಕ್ಕ, ಕೊನೇ ಪ್ರಶ್ನೆಗೆ ಮಾತ್ರ ನಾನು ಉತ್ತರ ಕೊಡಬಲ್ಲೆ. ನಾನೂ ಹುಬ್ಬಳ್ಳಿ ಕಾನೂನು ವಿಶ್ವವಿದ್ಯಾಲಯದ ಕೆಳಗಿನ ಕಾಲೇಜೇ. ಪ್ರಶ್ನೆಪತ್ರಿಕೆ ಎರಡೂ ಭಾಷೆಯಲ್ಲಿ ಬರುತ್ತದೆ. ಪೂರ್ತಿ ಕನ್ನಡ ಅಥವಾ ಪೂರ್ತಿ ಇಂಗ್ಲಿಷ್, ಯಾವುದರಲ್ಲಾದರೂ ಬರೆಯಬಹುದು. ಕಲಸುಮೇಲೋಗರ ಮಾತ್ರ ಮಾಡಬೇಡಿ. ನಾನು ಕನ್ನಡದಲ್ಲೇ ಬರೆಯುತ್ತೇನೆ, ಕೇಸಿನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ. ಫೇಲ್ ಆಗಿದ್ದೇನೆ, ಆದರೆ ಅದಕ್ಕೆ ಕಾರಣ ಕನ್ನಡ ಅಲ್ಲ ಬಿಡಿ.

ಪ್ರತಿ ಯೂನಿಟ್‌ನಿಂದ ಒಂದು ದೊಡ್ಡ ಪ್ರಶ್ನೆ, ಒಂದು ಟಿಪ್ಪಣಿ ಇಲ್ಲಾ ಸಮಸ್ಯೆ. ಸಮಸ್ಯೆಯನ್ನು ಎಲ್ಲರೂ ಬಿಡುತ್ತಾರೆ. ನೀವು ಅದನ್ನೇ ಹಿಡಿಯಿರಿ.

ಹಳೇಕೋಟು:

ತಂಗೀ, ನಾನು ಹುಬ್ಬಳ್ಳಿ ಲೇಬರ್ ಕೋರ್ಟಿನಲ್ಲಿ ಕೇಸು ನಡೆಸುವವನು. ವಕೀಲಿಕೆಗೆ ಮೊದಲು ಒಂದು ಯೂನಿಯನ್ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಐದು ಕಾರ್ಬನ್ ಹಾಕಿ ಇಂಥ ಪೇಪರುಗಳನ್ನು ಬಡಿದಿದ್ದೇನೆ. ಐದನೇ ಕಾಪಿ ಯಾರ ಪಾಲಿಗೂ ಓದಲು ಬರುತ್ತಿರಲಿಲ್ಲ. ಕಾರ್ಮಿಕರಿಗೆ ಸಿಗುತ್ತಿದ್ದದ್ದು ಅದೇ.

ನಿಮ್ಮ ಅಪ್ಪಾಜಿ ಪ್ರಶ್ನೆಗೆ ಉತ್ತರ 18ನೇ ಕಲಂನಲ್ಲಿದೆ. ಮ್ಯಾನೇಜ್‌ಮೆಂಟೂ ಯೂನಿಯನ್ನೂ ತಾವೇ ಕೂತು ಸೆಟ್ಲ್ ಮಾಡಿಕೊಂಡಿದ್ದರೆ ಅದು 18(1). ಪಾರ್ಟಿಗಳನ್ನು ಮಾತ್ರ ಕಟ್ಟುತ್ತದೆ. ಇಲ್ಲಿಯವರೆಗೆ ನಿಮ್ಮ ಕಾಂಟ್ರ್ಯಾಕ್ಟ್ ಕ್ಲಾಸು ನಡೆಯುತ್ತದೆ. ಆದರೆ ಲೇಬರ್ ಆಫೀಸರ್ ಮುಂದೆ ರಾಜಿ ಸಂಧಾನ ನಡೆಯುತ್ತಿದ್ದಾಗ ಆದದ್ದು 12(3). ಅದರ ಫಲ 18(3)ರಲ್ಲಿದೆ. ವಿವಾದ ಎದ್ದ ದಿನ ಮಿಲ್ಲಿನ ಕೆಲಸದಲ್ಲಿದ್ದ ಎಲ್ಲರನ್ನೂ ಕಟ್ಟುತ್ತದೆ, ಆಮೇಲೆ ಕೆಲಸಕ್ಕೆ ಸೇರುವವರನ್ನೂ ಕಟ್ಟುತ್ತದೆ. ಬೇರೆ ಯೂನಿಯನ್‌ನವರು, ಯಾವ ಯೂನಿಯನ್ನೂ ಬೇಡ ಅಂದವರು, ಅವತ್ತು ರಜೆ ಹಾಕಿ ಊರಿಗೆ ಹೋದವರು, ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ.

ಯಾಕೆ ಹೀಗೆ ಅಂತ ಕೇಳಿಕೊಂಡರೆ ಪೇಪರ್ ಅರ್ಧ ಪಾಸಾದ ಹಾಗೆ. 1872ರ ಕಾಂಟ್ರ್ಯಾಕ್ಟ್ ಕಾಯ್ದೆ ಇಬ್ಬರನ್ನು ಎದುರುಬದುರು ಕೂರಿಸುತ್ತದೆ, ಇಬ್ಬರೂ ತಮ್ಮ ತಮ್ಮ ಲಾಭ ನೋಡಿಕೊಳ್ಳಲಿ ಅನ್ನುತ್ತದೆ. ಐನೂರು ಜನರ ಮಿಲ್ಲಿನಲ್ಲಿ ಒಬ್ಬೊಬ್ಬರೂ ನಾನು ಒಪ್ಪಿಲ್ಲ ಅನ್ನುತ್ತಾ ಹೋದರೆ ಮಾಲೀಕ ಒಬ್ಬೊಬ್ಬರನ್ನೇ ಕರೆದು ಮುಗಿಸುತ್ತಾನೆ. ಜಗಳವೂ ಬಗೆಹರಿಯುವುದಿಲ್ಲ. ಅದಕ್ಕೇ 1947ರ ಕಾಯ್ದೆ ಗುಂಪನ್ನೇ ಒಂದು ಪಾರ್ಟಿ ಮಾಡಿತು, ನಡುವೆ ಸರ್ಕಾರಿ ಅಧಿಕಾರಿಯನ್ನು ಕೂರಿಸಿತು. ಒಬ್ಬನ ಸಹಿಯ ಬದಲಿಗೆ ಆ ಅಧಿಕಾರಿಯ ಒಪ್ಪಿಗೆಯ ಮೇಲೆ ಕಾನೂನು ಭರವಸೆ ಇಟ್ಟಿದೆ. ಆ ಭರವಸೆಯನ್ನು ಎಲ್ಲ ಅಧಿಕಾರಿಗಳೂ ಉಳಿಸಿಕೊಂಡರಾ? ಅದು ಬೇರೆ ಮಾತು. ಪರೀಕ್ಷೆಯಲ್ಲಿ ಬರೆಯಬೇಡಿ.

ಒಂದು ಎಚ್ಚರ. ಪೇಪರಿನ ತಲೆಯ ಮೇಲೆ 12(3) ಅಂತ ಟೈಪ್ ಆಗಿದ್ದರೆ ಸಾಲದು. ಟೈಪ್ ಮಾಡಿದವನೇ ಹೇಳುತ್ತಿದ್ದೇನೆ, ಕೇಳಿ. ಸಂಧಾನ ನಡೆಯುತ್ತಿರಬೇಕು, ಅಧಿಕಾರಿಯ ನೆರವು, ಒಪ್ಪಿಗೆ ಎರಡೂ ಇರಬೇಕು. ಹೊರಗೆ ಮಾಡಿಕೊಂಡು ಬಂದು ಒಂದು ಕಾಪಿ ಅವರ ಟೇಬಲ್ ಮೇಲೆ ಇಟ್ಟರೆ ಆಗುವುದಿಲ್ಲ. ಬಾಟಾ ಶೂ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಆ ಹೆಸರು ನೆನಪಿಟ್ಟುಕೊಳ್ಳಿ. ಟ್ರಂಕಿನ ಪೇಪರಿನಲ್ಲಿ ಆ ಅಧಿಕಾರಿಯ ಸಹಿ, ಸೀಲು ಇದೆಯಾ ನೋಡಿ.

ಇನ್ನು ಓದುವ ರೀತಿ. ಲೇಬರ್ ಲಾದಲ್ಲಿ ಮುಕ್ಕಾಲು ಜಗಳ ಪದಗಳ ಅರ್ಥ ಹೇಳುವ ಎರಡನೇ ಕಲಂನಲ್ಲೇ ಮುಗಿಯುತ್ತದೆ. ಕೆಲಸ ಕಳೆದುಕೊಂಡವನು ವರ್ಕ್‌ಮನ್ ಹೌದಾ, ಕೆಲಸ ಕೊಟ್ಟದ್ದು ಇಂಡಸ್ಟ್ರಿ ಹೌದಾ, ಇದು ಮೊದಲ ಬಾಗಿಲು. ನಮ್ಮ ಬೆಂಗಳೂರು ನೀರು ಸರಬರಾಜು ಮಂಡಳಿಯ ಕೇಸನ್ನೇ ನೋಡಿ. ನೌಕರರಿಗೆ ದಂಡ ಹಾಕಿ ದುಡ್ಡು ವಸೂಲಿ ಮಾಡಿದರು. ಅವರು ಮಾಲೀಕನಿಂದ ಬರಬೇಕಾದ ದುಡ್ಡು ಕೇಳುವ 33ಸಿ(2) ಕಲಂ ಕೆಳಗೆ ಲೇಬರ್ ಕೋರ್ಟಿಗೆ ಹೋದರು. ಮಂಡಳಿ ತಾನು ಇಂಡಸ್ಟ್ರಿಯೇ ಅಲ್ಲ ಅಂತು. ಆ ಸಣ್ಣ ದಂಡದ ಜಗಳ 1978ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠದ ಮುಂದೆ ತೀರ್ಮಾನ ಆಯಿತು. ವ್ಯವಸ್ಥಿತ ಚಟುವಟಿಕೆ ಇದೆಯಾ, ಮಾಲೀಕ ನೌಕರ ಸೇರಿ ಮಾಡುತ್ತಾರಾ, ಜನರಿಗೆ ಬೇಕಾದ ವಸ್ತು ಅಥವಾ ಸೇವೆ ಬರುತ್ತದಾ. ಇದ್ದರೆ ಇಂಡಸ್ಟ್ರಿ, ಲಾಭ ಇಲ್ಲದಿದ್ದರೂ ಸರಿ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದದ್ದು. ಅವರ ಇಂಗ್ಲಿಷ್‌ಗೆ ಹೆದರಬೇಡಿ, ನಾವೆಲ್ಲ ಡಿಕ್ಷನರಿ ಇಟ್ಟುಕೊಂಡೇ ಓದಿದ್ದು.

ಕಾಂಟ್ರ್ಯಾಕ್ಟ್‌ನಲ್ಲಿ ಕಲಿತದ್ದನ್ನು ಬಿಸಾಕಬೇಡಿ. 1986ರ ಬ್ರೊಜೊನಾಥ್ ಗಂಗೂಲಿ ಪ್ರಕರಣ ತೆಗೆದುಕೊಳ್ಳಿ. ಮೂರು ತಿಂಗಳ ನೋಟಿಸು ಕೊಟ್ಟರೆ ಕಾಯಂ ನೌಕರನನ್ನೂ ಕಾರಣ ಹೇಳದೆ ತೆಗೆಯಬಹುದು ಅಂತ ಒಂದು ಸರ್ಕಾರಿ ಕಂಪನಿಯ ನಿಯಮದಲ್ಲಿತ್ತು. ಒಪ್ಪಿಕೊಂಡೇ ಸೇರಿದ್ದೀಯಲ್ಲ ಅನ್ನುವುದು ಕಂಪನಿಯ ವಾದ. ಕೋರ್ಟು ಸಾರ್ವಜನಿಕ ಹಿತಕ್ಕೆ ವಿರುದ್ಧವಾದ ಕರಾರು ನಿಲ್ಲುವುದಿಲ್ಲ ಅನ್ನುವ ಕಾಂಟ್ರ್ಯಾಕ್ಟ್ ಕಾಯ್ದೆಯ 23ನೇ ಕಲಂ ಹಿಡಿದೇ ಆ ನಿಯಮವನ್ನು ಹೊಡೆದುಹಾಕಿತು. ಬೇರೆ ದಾರಿ ಇಲ್ಲದವನು ಹಾಕಿದ ಸಹಿಗೆ ಎಷ್ಟು ಬೆಲೆ ಅನ್ನುವ ಪ್ರಶ್ನೆ ಅಲ್ಲಿದೆ. ನಿಮ್ಮ ಎರಡು ಪೇಪರುಗಳು ಸಂಧಿಸುವ ಜಾಗ ಅದು.

ಲೈನ್ ನಂಬರ್ 4:

ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಎಚ್‌ಆರ್. ವಕೀಲರು ಹೇಳಿದ ‘ವರ್ಕ್‌ಮನ್ ಹೌದಾ’ ಅನ್ನುವುದಕ್ಕೆ ಫ್ಯಾಕ್ಟರಿಯಿಂದ ಒಂದು ಉದಾಹರಣೆ. ನಮ್ಮಲ್ಲಿ ಒಬ್ಬರು ಲೈನ್ ಸೂಪರ್‌ವೈಸರ್. ಐಡಿ ಕಾರ್ಡಿನಲ್ಲೂ ಹಾಗೇ ಇದೆ. ಆದರೆ ಕಾಲರ್ ಹೊಲಿಯುವ ಹುಡುಗಿ ಬರದಿದ್ದ ದಿನ ಅವರೇ ಮಿಷನ್ ಮೇಲೆ ಕೂರುತ್ತಾರೆ. ತಿಂಗಳಲ್ಲಿ ಹದಿನೈದು ದಿನ ಹಾಗೇ ಹೋಗುತ್ತದೆ. ಯಾರಿಗೂ ರಜೆ ಕೊಡುವ ಅಧಿಕಾರ ಅವರಿಗಿಲ್ಲ. ಕೋರ್ಟು ನೋಡುವುದು ಹುದ್ದೆಯ ಹೆಸರನ್ನಲ್ಲ, ಮುಖ್ಯವಾಗಿ ಏನು ಕೆಲಸ ಮಾಡುತ್ತಾರೆ ಅನ್ನುವುದನ್ನು. ಸಮಸ್ಯೆ ಪ್ರಶ್ನೆಗೆ ಇದಕ್ಕಿಂತ ಒಳ್ಳೇದು ಬೇಕಾ?

ಕೋಡ್ ವಿಷಯ. 2025ರ ನವೆಂಬರ್ 21ರಿಂದ ನಾಲ್ಕೂ ಜಾರಿಗೆ ಬಂದಿವೆ. 29 ಕಾಯ್ದೆಗಳು ಅದರೊಳಗೆ ಹೋಗಿವೆ. ನನ್ನ ಕೇಳಿದರೆ ಹಳೇದನ್ನು ಬಿಟ್ಟುಬಿಡಿ. ಇಂಟರ್‌ವ್ಯೂನಲ್ಲಿ ಕೇಳುವುದು ಹೊಸದನ್ನೇ. ವೇತನ ಅಂದರೆ ಏನು ಅನ್ನುವುದನ್ನು ಚೆನ್ನಾಗಿ ಓದಿ. ಮನೆ ಬಾಡಿಗೆ (ಎಚ್‌ಆರ್‌ಎ) ತರಹದ ಭತ್ಯೆಗಳೆಲ್ಲ ಸೇರಿ ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿ ಆದರೆ, ಆ ಜಾಸ್ತಿ ಆದದ್ದು ವೇತನಕ್ಕೇ ಸೇರುತ್ತದೆ. ಬೇಸಿಕ್ ಕಮ್ಮಿ ತೋರಿಸಿ ಪಿಎಫ್, ಗ್ರಾಚ್ಯುಟಿ ಉಳಿಸುತ್ತಿದ್ದ ಆಟಕ್ಕೆ ಇದು ಪೆಟ್ಟು. ನಾವೆಲ್ಲ ರಾತ್ರಿ ಕೂತು ಎಕ್ಸೆಲ್ ತಿದ್ದಿದ್ದು ಇದಕ್ಕೇ.

ಗ್ರಾಚ್ಯುಟಿ ಲೆಕ್ಕ ಬಾಯಿಪಾಠ ಮಾಡಬೇಡಿ, ಒಂದು ಸಲ ಕೈಯಲ್ಲಿ ಮಾಡಿ. ಕೊನೇ ತಿಂಗಳ ವೇತನ 13,000, ಸರ್ವಿಸು 12 ವರ್ಷ. ತಿಂಗಳಿಗೆ ಕೆಲಸದ ದಿನ 26 ಅಂತ ಹಿಡಿದು ಭಾಗಿಸಿ, ದಿನಕ್ಕೆ 500. ಒಂದು ವರ್ಷದ ಸರ್ವಿಸಿಗೆ ಹದಿನೈದು ದಿನದ ವೇತನ, 7,500. ಹನ್ನೆರಡು ವರ್ಷಕ್ಕೆ 90,000. ಮೂವತ್ತರಿಂದ ಭಾಗಿಸಿದರೆ 78,000 ಆಗುತ್ತದೆ. ಆ 12,000 ರೂಪಾಯಿ ಎಷ್ಟು ಜನರ ಕೈಯಿಂದ ಜಾರಿದೆಯೋ.

ಹಳೇಕೋಟು:

ಹಳೇದನ್ನು ಬಿಡಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಬ್ಯಾಚಿನ ಸಿಲಬಸ್‌ನಲ್ಲಿ ಯಾವುದಿದೆಯೋ ಅದನ್ನೇ ಬರೆಯಬೇಕು. ಹೊಸ ಕೋಡಿನ ಪದಗಳಿಗೆ ಅರ್ಥ ಹುಡುಕಲು ಹೊರಟರೂ ಹಳೇ ತೀರ್ಪುಗಳ ಹತ್ತಿರವೇ ಬರಬೇಕು. ಆದರೆ ಉತ್ತರದ ಕೊನೆಯಲ್ಲಿ ಕೋಡು ಏನು ಬದಲಾಯಿಸಿತು ಅಂತ ಎರಡು ಸಾಲು ಬರೆಯಿರಿ. ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಮೊದಲು ನೂರು ಜನರಿದ್ದರೇ ಬೇಕಾಗಿತ್ತು, ಈಗ ಮುನ್ನೂರು. ಸೂಪರ್‌ವೈಸರನ್ನೂ ವರ್ಕ್‌ಮನ್ ಅಂತ ಎಣಿಸಲು ಇರುವ ತಿಂಗಳ ಸಂಬಳದ ಮಿತಿ 10,000 ಇದ್ದದ್ದು 18,000. ಮುಷ್ಕರಕ್ಕೆ ಹದಿನಾಲ್ಕು ದಿನದ ನೋಟಿಸು ಮೊದಲು ನೀರು, ಕರೆಂಟಿನಂಥ ಸಾರ್ವಜನಿಕ ಸೇವೆಗೆ ಮಾತ್ರ ಇತ್ತು, ಈಗ ಎಲ್ಲರಿಗೂ.

ನಿಮ್ಮ ಅಪ್ಪಾಜಿ ಕಾಲದ ಮಾತಿಗೆ 1947ರ ಕಾಯ್ದೆಯೇ. ಮತ್ತೆ ಇನ್ನೊಂದು. ಆ ಪೇಪರು ಇಟ್ಟುಕೊಂಡು ಈಗ ಕೇಸು ಹಾಕುವ ಆಸೆ ಹುಟ್ಟಿಸಬೇಡಿ. ಎಪ್ಪತ್ತರ ವಯಸ್ಸಿನವರಿಗೆ ಕೋರ್ಟಿನ ಮೆಟ್ಟಿಲು ಎತ್ತರ ಇರುತ್ತದೆ.

ಬೆಣ್ಣೆನಗರಿ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಭಾನುವಾರ, ಟ್ರಂಕು ತೆಗೆದೆ.

ಪೇಪರಿನ ಕೆಳಗೆ ಎಡಗಡೆ ಮ್ಯಾನೇಜ್‌ಮೆಂಟಿನ ಇಬ್ಬರ ಸಹಿ, ಬಲಗಡೆ ಯೂನಿಯನ್‌ನ ಮೂವರದು. ಅದರ ಕೆಳಗೆ ಅಮ್ಮ ಅಂಟಿಸಿದ ಕ್ಯಾಲೆಂಡರ್ ಹಾಳೆ ಮುಂದಕ್ಕೂ ಸ್ವಲ್ಪ ಮಡಚಿಕೊಂಡಿತ್ತು. ಒದ್ದೆ ಬಟ್ಟೆ ಒತ್ತಿ ಮೆಲ್ಲಗೆ ಬಿಡಿಸಿದೆ. ನೇರಳೆ ಬಣ್ಣದ ದುಂಡು ಸೀಲು, ಅದರ ಮೇಲೆ ಅಡ್ಡಡ್ಡ ಒಂದು ಸಹಿ, ‘ನನ್ನ ಸಮಕ್ಷಮ’ ಅಂತ. ಇಷ್ಟು ವರ್ಷ ಅದು ಕ್ಯಾಲೆಂಡರಿನ ಅಡಿಯಲ್ಲೇ ಇತ್ತು.

ಅಪ್ಪಾಜಿಗೆ 18(3) ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೊಂದು ಸಲ ಓದು ಅಂದರು. ಓದಿದೆ. “ಹಂಗಾದ್ರೆ ಆ ಸೆಕ್ರೆಟರಿ ನನ್ನ ಕೇಳದೆ ಸಹಿ ಹಾಕಿ ಮೋಸ ಮಾಡಿದಾನೆ ಅಂತ ನಾನು ಇಷ್ಟು ವರ್ಷ ಬೈಕೊಂಡು ತಿರುಗಿದ್ದು ಸುಮ್ನೆನಾ?” ಅಂದರು. ಅಡಿಗೆಮನೆಯಿಂದ ಅಮ್ಮ, “ಅವನ ಮಗಳ ಮದುವೆಗೂ ಹೋಗ್ಲಿಲ್ಲ” ಅಂದರು.

ಆ ಪ್ರಶ್ನೆಗೆ ಉತ್ತರ ಮತ್ತೆ ಬರೆದು ಮೇಡಂಗೆ ಕೊಟ್ಟಿದ್ದೇನೆ. ಮೊದಲ ಸಾಲಿನಲ್ಲೇ ಕಲಂ ಹಾಕಿದ್ದೇನೆ. ಬಾಟಾ ಕೇಸಿನ ವರ್ಷ ಯಾವುದು ಸರ್? ಅದೊಂದು ಖಾಲಿ ಬಿಟ್ಟಿದ್ದೇನೆ.

ಹಳೇಕೋಟು:

1961.